ಗಷ್ಟು ಇಳಿಯುವವರೆಗೆ

ಗಂಡನ ಸಂಸ್ಕಾರ ಮುಗಿಸಿ ಬಂದ ಮೇಲೆ ಮನೆ ತುಂಬ ಜನವಿದ್ದರು. ಆಮೇಲೆ ಒಬ್ಬೊಬ್ಬರಾಗಿ ಹೊರಟರು. ಕೊನೆಯವರು ಹೋದ ಮರುದಿನ ಬೆಳಿಗ್ಗೆ ಪೇಪರು ಬಂತು, ಹಾಲು ಬಂತು, ಮೇಲಿನ ಮನೆಯವರು ಎಂದಿನಂತೆ ಕುರ್ಚಿ ಎಳೆದಾಡಿದರು. ಯಾರೂ ಬಾಗಿಲು ಬಡಿಯಲಿಲ್ಲ. ಅವಳು ಹಾಸಿಗೆಯಲ್ಲೇ ಮಲಗಿ ಇದನ್ನೆಲ್ಲ ಕೇಳಿಸಿಕೊಂಡಳು. ಅಳು ಬರುತ್ತದೇನೋ ಎಂದು ಸ್ವಲ್ಪ ಹೊತ್ತು ಕಾದಳು. ಬರಲಿಲ್ಲ. ಬಾರದಿದ್ದರೆ ಬೇಡ ಎಂದು ಎದ್ದಳು.

ಅತ್ತೆ ಆಗಲೇ ತೋಳೇರಿಸಿಕೊಂಡು ಮನೆಯ ಮೇಲೆ ಯುದ್ಧ ಸಾರಿದ್ದರು. ಮಗ ಹೋದಾಗಿನಿಂದ ಅವರಿಗೆ ಒಂದು ಕಡೆ ಕೂರಲು ಆಗುತ್ತಿರಲಿಲ್ಲ. ಅಡುಗೆಮನೆಯ ಕಪಾಟು ಮುಗಿದಿತ್ತು, ಕಿಟಕಿಯ ಗಾಜು ಮುಗಿದಿತ್ತು. ಈಗ ಮೆಟ್ಟಿಲ ಕೆಳಗಿನ ಗೂಡಿಗೆ ಕೈ ಹಾಕಿ, ಅದರಲ್ಲಿದ್ದುದನ್ನೆಲ್ಲ ನಡುಮನೆಗೆ ತಂದು ಸುರಿದಿದ್ದರು. ಹಳೇ ಕೊಡೆ, ಬಣ್ಣದ ಡಬ್ಬ, ಮುರಿದ ಇಸ್ತ್ರಿ ಪೆಟ್ಟಿಗೆ. ಊಟದ ಮೇಜಿನ ಮೇಲೆ ಒಂದು ಸೀಸೆ. ದಪ್ಪ ಗಾಜು, ಕಡುಹಸಿರು, ಮೈಮೇಲೆ ಚೀಟಿ ಇಲ್ಲ. ತೊಳೆದು ಒರೆಸಿದ್ದರಿಂದ ಫಳಫಳ ಹೊಳೆಯುತ್ತಿತ್ತು.

"ಇದೆಲ್ಲಿತ್ತು, ಅತ್ತೆ?"

"ಗೂಡಲ್ಲೇ ಕಣೇ. ಆ ತೂತಿನ ಹಲಗೇಲಿ ತಲೆಕೆಳಗಾಗಿ ಸಿಗಿಸಿಟ್ಟಿದ್ದ, ಏನೋ ಶಿಕ್ಷೆ ಕೊಟ್ಟ ಹಾಗೆ. ಮೈಮೇಲೆ ಒಂದು ಬೆರಳು ಧೂಳು. ತಳದಲ್ಲಿ ಬಿಳೀ ಬಣ್ಣದ ಗೀಟು ಬೇರೆ, ಉಜ್ಜೀ ಉಜ್ಜೀ ಕೈ ಬಿದ್ದುಹೋಯ್ತು. ಈಗ ನೋಡು, ನೆಟ್ಟಗೆ ನಿಲ್ಲಿಸಿದೀನಿ. ಎಷ್ಟು ಲಕ್ಷಣವಾಗಿದೆ."

ಅವಳು ಬಗ್ಗಿ ನೋಡಿದಳು. ಗಾಜಿನೊಳಗೆ ಏನೋ ಅಲುಗುತ್ತಿತ್ತು. ಹೊಗೆಯ ಹಾಗೆ ಏಳುತ್ತಿತ್ತು, ಸುರುಳಿ ಸುತ್ತುತ್ತಿತ್ತು, ಬೀಳುತ್ತಿತ್ತು.

ಕದಡಿದ್ದನ್ನು ನೋಡುವುದು ಅವಳ ಕಸುಬು. ನಗರದ ಕುಡಿಯುವ ನೀರನ್ನು ಪರೀಕ್ಷಿಸುವ ಪ್ರಯೋಗಾಲಯದಲ್ಲಿ ದಿನವಿಡೀ ಗಾಜಿನ ಕೊಳವೆ ಹಿಡಿದು, ನೀರಿನಲ್ಲಿ ಎಷ್ಟು ಬಗ್ಗಡವಿದೆ ಎಂದು ಅಳೆಯುತ್ತಿದ್ದಳು. ಗಂಡ ಹರಾಜು ಮನೆಯಲ್ಲಿ ಹಳೆಯ ವೈನುಗಳಿಗೆ ಬೆಲೆ ಕಟ್ಟುತ್ತಿದ್ದ. 'ಇವಳು ನೀರು ನೋಡ್ತಾಳೆ, ಅವನು ವೈನ್ ನೋಡ್ತಾನೆ, ಇಬ್ಬರೂ ನೋಡೋದೇ ಆಯ್ತು, ಮನೆಗೆ ಬಂದವರ ಗಂಟಲು ಮಾತ್ರ ಒಣಗಿರುತ್ತೆ' ಎಂದು ನೆಂಟರಲ್ಲಿ ಒಂದು ಕುಚೋದ್ಯವಿತ್ತು.

ಆ ಧೂಳನ್ನು ಅವಳು ಹಿಂದೊಮ್ಮೆ ನೋಡಿದ್ದಳು. ಬಲ್ಬು ಹುಡುಕಲು ಗೂಡಿಗೆ ತಲೆ ಹಾಕಿದಾಗ, ಬೂದುಬಣ್ಣದ ಸೀಸೆಯ ತಳದ ಸುತ್ತ ಅವನ ಬೆರಳು ಹಿಡಿದ ಜಾಗಗಳು ಮಾತ್ರ ಕರಿಹಸಿರಾಗಿ ಹೊಳೆಯುತ್ತಿದ್ದವು. ಈಗ ಪೂರ್ತಿ ಸೀಸೆಯೇ ಹೊಳೆಯುತ್ತಿತ್ತು.

"ಚೆನ್ನಾಗಿದೆ ಅತ್ತೆ," ಎಂದಳು.

ಮಧ್ಯಾಹ್ನ ಸುತ್ತಿಗೆ ಬಂದ. ಹರಾಜು ಮನೆಯಲ್ಲಿ ಎತ್ತರದ ಮೇಜಿನ ಹಿಂದೆ ನಿಂತು ಬೆಲೆ ಕೂಗಿ, ಕೊನೆಗೆ ಸುತ್ತಿಗೆ ಬಡಿಯುವವನು ಅವನೇ. ಅವನ ನಿಜವಾದ ಹೆಸರನ್ನು ಅವನ ಹೆಂಡತಿಯೂ ಬಳಸುತ್ತಿರಲಿಲ್ಲ. ಗೆಳೆಯನ ಮೇಜಿನ ಮೇಲಿದ್ದ ವಸ್ತುಗಳನ್ನು ರಟ್ಟಿನ ಪೆಟ್ಟಿಗೆಯಲ್ಲಿ ತಂದಿದ್ದ. ಒಂದು ಸ್ವೆಟರು, ಹಿಡಿ ಮುರಿದ ಕಪ್ಪು, ಭೂತಗನ್ನಡಿ. ಪೆಟ್ಟಿಗೆಯನ್ನು ಮೇಜಿನ ಮೇಲಿಡಲು ಬಗ್ಗಿದವನು ಅರ್ಧಕ್ಕೇ ನಿಂತುಬಿಟ್ಟ. ದೊಡ್ಡ ಸಭಾಂಗಣ ತುಂಬುವ ಅವನ ಗಂಟಲಿನಿಂದ ಇಲಿಯಷ್ಟು ಸದ್ದು ಬಂತು.

"ಇದನ್ನ ನಿಲ್ಲಿಸಿದ್ದು ಯಾರು?"

"ನಾನೇ ಕಣಪ್ಪ," ಎಂದರು ಅತ್ತೆ. "ಯಾಕೆ, ಕೂರಿಸಬೇಕಿತ್ತಾ?"

ಸುತ್ತಿಗೆ ನಗಲಿಲ್ಲ. ಕುರ್ಚಿ ಎಳೆದುಕೊಂಡು ಕುಳಿತು, ಅಮ್ಮ ಎನ್ನುತ್ತ ಅತ್ತೆಯ ಕಡೆ ತಿರುಗಿ, ಹೇಳುವುದೋ ಬೇಡವೋ ಎಂದು ಅವಳ ಕಡೆ ತಿರುಗಿ, ಕೊನೆಗೆ ಹೇಳಿದ.

"ಇದು ಅವನದಲ್ಲ, ಅತ್ತಿಗೆ. ಮೇಸ್ತ್ರಿದು. ಶಾಂಪೇನಿನ ನೆಲಮಾಳಿಗೇಲಿ ಜನ್ಮವೆಲ್ಲ ಕಳೆದ ಮುದುಕರು, ಇವನಿಗೆ ಕೆಲಸ ಕಲಿಸಿದವರು. ನಿವೃತ್ತಿಯಾದಾಗ ಅವರಿಗೆ ಕೊಟ್ಟ ಸೀಸೆ. ಇವನು ಎರವಲು ತಂದಿದ್ದ."

"ಸೀಸೆಯನ್ನ ಎರವಲು ತರ್ತಾರಾ?"

"ಗಷ್ಟು ಇಳಿಸಿಕೊಡೋಕೆ."

ಶಾಂಪೇನು ಗುಳ್ಳೆಗಟ್ಟುವುದು ಸೀಸೆಯೊಳಗೇ ಎಂದು ಅವನು ಹೇಳಿದ. ಒಳಗೆ ಹಾಕಿದ ಈಸ್ಟು ತನ್ನ ಕೆಲಸ ಮುಗಿಸಿ ಸತ್ತು, ಪುಡಿಯಾಗಿ ಉಳಿಯುತ್ತದೆ. ಅದೇ ಗಷ್ಟು. ಸೀಸೆಯನ್ನು ಓರೆಯಾಗಿ ಸಿಗಿಸಿ, ದಿನಾ ಒಂದಿಷ್ಟು ತಿರುಗಿಸಿ, ದಿನಾ ಒಂದಿಷ್ಟು ತಲೆಕೆಳಗು ಮಾಡುತ್ತ ಹೋದರೆ ಗಷ್ಟೆಲ್ಲ ಜಾರಿ ಬಿರಡೆಯ ಮೇಲೆ ಬಂದು ಕೂರುತ್ತದೆ. ತಳದ ಬಿಳೀ ಗೀಟು ಎಷ್ಟು ತಿರುಗಿಸಿದೆ ಎಂಬುದರ ಗುರುತು. ಎಲ್ಲ ಕೂತ ಮೇಲೆ ಬಿರಡೆ ಬಿಚ್ಚಿ ಗಷ್ಟನ್ನು ಹಾರಿಸಿದರೆ ತಿಳಿಯಾದ ಶಾಂಪೇನು.

"ಇವನ ಕೆಲಸ ಮುಗೀತಾ ಬಂದಿತ್ತು," ಎಂದ ಸುತ್ತಿಗೆ. ಅತ್ತೆಯ ಮುಖ ನೋಡಲಿಲ್ಲ.

ಅವಳು ಕೇಳಿದಳು, "ಇದರ ವಯಸ್ಸೆಷ್ಟು?"

"ಅದೇ ಪೇಚು. ದ್ರಾಕ್ಷಿಯ ಲೆಕ್ಕ ಹಿಡಿದ್ರೆ ನಮ್ಮಪ್ಪ ಅಮ್ಮನ ಮದುವೆಗಿಂತ ಹಳೇದು. ಆದ್ರೆ ಗಷ್ಟು ತೆಗೆದು ಹೊಸ ಬಿರಡೆ ಹಾಕ್ತಾರಲ್ಲ, ಆವತ್ತಿಂದ ಶಾಂಪೇನು ಮುದಿಯಾಗೋಕೆ ಶುರು. ಇದರದ್ದು ತೆಗೆದೇ ಇಲ್ಲ. ಸತ್ತ ಈಸ್ಟು ಒಳಗೇ ಕೂತು, ಒಳನುಗ್ಗೋ ಗಾಳೀನ ತಾನು ನುಂಗಿಕೊಂಡು, ವೈನನ್ನ ಕಾಯ್ತಾ ಬಂದಿದೆ. ಸತ್ತದ್ದೇ ಇದರ ಕಾವಲು, ಅತ್ತಿಗೆ. ಹೊರಗಿನ ಲೆಕ್ಕದಲ್ಲಿ ಮುದುಕ, ಒಳಗೆ ಹರೆಯ ಇರಬಹುದು. ಇಲ್ಲದೆಯೂ ಇರಬಹುದು."

ಅವನು ಸೀಸೆಯನ್ನು ಮಗುವಿನಂತೆ ಎರಡೂ ಕೈಯಲ್ಲಿ ಎತ್ತಿ, ಹಿಂದೆ ಟಾರ್ಚು ಹಿಡಿಯಲು ಅವಳಿಗೆ ಹೇಳಿದ. ಕನ್ನಡಕ ಹಣೆಗೇರಿಸಿ ಕತ್ತಿನ ಹತ್ತಿರ ಕಣ್ಣು ತಂದ. ಬಿರಡೆಯನ್ನು ಒಂದು ಕಬ್ಬಿಣದ ಕೊಂಡಿ ಕಚ್ಚಿ ಹಿಡಿದಿತ್ತು. ಕೊಂಡಿಗೆ ತುಕ್ಕು. ತುಕ್ಕಿನ ಸಂದಿನಲ್ಲಿ, ಬಟ್ಟೆ ಹೋಗದ ಕಡೆ, ಕೂದಲೆಳೆಯಷ್ಟು ಕಂದು ಕಲೆ.

"ಯಾವತ್ತೋ ಒಂದು ಹನಿ ಸೋರಿದೆ. ಅದನ್ನ ನೋಡೇ ಮೇಸ್ತ್ರಿ ಇದು ಸತ್ತಿದೆ ಅಂತಾರೆ. ಬಿರಡೆ ಸೋತಿದೆ, ಗ್ಯಾಸು ಹೋಗಿದೆ ಅಂತ. ಇವನು ಒಪ್ಪಲಿಲ್ಲ. ಗುರು ಶಿಷ್ಯರಿಗೆ ಅದೇ ಜಗಳ. ಗೂಡಲ್ಲೇ ಟಾರ್ಚು ಹಿಡಿದು ಹಿಡಿದು ನೋಡ್ತಿದ್ದ. ಒಳಗೆ ಖಾಲಿ ಜಾಗ ಎಷ್ಟು ಕಡಿಮೆ ಇದೆ, ಬಣ್ಣ ಕಂದಿಲ್ಲ, ಬದುಕಿದೆ ಕಣೋ, ನಾನು ಬರೆದುಕೊಡ್ತೀನಿ ಅಂದ. ಅವತ್ತೇ ಮೆಟ್ಟಿಲ ಮೇಲೆ..." ಸುತ್ತಿಗೆ ನಾಲಿಗೆ ಕಚ್ಚಿಕೊಂಡ.

ಗಂಡ ಕುಸಿದದ್ದು ಹರಾಜು ಮನೆಯ ಮೆಟ್ಟಿಲ ಮೇಲೆ. ಅವಳಿಗೆ ಅದಷ್ಟೇ ಗೊತ್ತಿತ್ತು. ಅದಕ್ಕೆ ಮುಂಚೆ ಏನು ಮಾತಾಡುತ್ತಿದ್ದ ಎಂದು ಯಾರೂ ಹೇಳಿರಲಿಲ್ಲ.

"ಬೆಲೆ ಬಾಳುತ್ತಾ ಇದು?" ಅತ್ತೆ ಮೆಲ್ಲಗೆ ಕೇಳಿದರು.

"ಜೀವ ಇದ್ದು ತಿಳಿಯಾದ್ರೆ, ನಮ್ಮ ಹರಾಜಿನ ಪುಸ್ತಕದ ಮುಖಪುಟಕ್ಕೆ ಇದೊಂದೇ ಸಾಕಮ್ಮ. ಎಲ್ಲೆಲ್ಲಿಂದಲೋ ಜನ ಬರ್ತಾರೆ. ಜೀವ ಇಲ್ಲದಿದ್ರೆ ವಿನೆಗರ್. ಅದೂ ಕೆಟ್ಟ ವಿನೆಗರ್."

"ನಾನು ತೊಳೆದದ್ದಕ್ಕೆ, ನಿಲ್ಲಿಸಿದ್ದಕ್ಕೆ ಏನಾಗಿರಬಹುದು?"

ಸುತ್ತಿಗೆ ಎದ್ದು ಕೋಟು ಸರಿಮಾಡಿಕೊಂಡ. ಸುಳ್ಳು ಹೇಳಲು ಬಾರದವನು. "ಗೊತ್ತಿಲ್ಲ ಅಮ್ಮ. ಅಷ್ಟು ವರ್ಷ ಕೂತದ್ದು ಒಂದೇ ಸಲ ಎದ್ದಿದೆ. ಮತ್ತೆ ಕೂರುತ್ತೋ ಇಲ್ವೋ."

ಅವನು ಹೋದ ಮೇಲೆ ಅತ್ತೆ ಬಹಳ ಹೊತ್ತು ಒದ್ದೆ ಬಟ್ಟೆಯನ್ನು ಹಿಂಡುತ್ತಲೇ ಇದ್ದರು. ಅದರಲ್ಲಿ ನೀರೇ ಉಳಿದಿರಲಿಲ್ಲ.

"ನನ್ನ ಮಗನ ಮಾತನ್ನ ನಾನೇ ಸುಳ್ಳು ಮಾಡಿಬಿಟ್ಟೆನಾ?"

ಅವಳಿಗೂ ಅದೇ ಯೋಚನೆ. ಬದುಕಿದೆ ಎಂದು ಹೇಳಿ ಹೋಗಿದ್ದ. ಆ ಮಾತು ಈಗ ಹೊಗೆಯಾಗಿ ಮೇಜಿನ ಮೇಲೆ ಸುತ್ತುತ್ತಿತ್ತು.

ಮರುದಿನ ಅವಳು ಹುಡುಕಿಕೊಂಡು ಹೋದ ಮೇಸ್ತ್ರಿಯ ಮನೆ ಹಳೇ ಕಟ್ಟಡವೊಂದರ ತುತ್ತತುದಿಯಲ್ಲಿತ್ತು. ಬಿಸಿಲು ನೇರವಾಗಿ ತಾರಸಿಗೆ ಬಡಿದು, ಕೋಣೆ ಬ್ರೆಡ್ಡಿನ ಒಲೆಯ ಹಾಗೆ ಕಾಯುತ್ತಿತ್ತು. ಸೀಸೆ ತಮ್ಮ ಮೆಟ್ಟಿಲಡಿಯ ತಣ್ಣನೆ ಗೂಡಿಗೆ ಏಕೆ ಬಂತೆಂದು ಅವಳಿಗೆ ಬಾಗಿಲಲ್ಲೇ ತಿಳಿಯಿತು. ಉಳಿದದ್ದು ಮುದುಕನ ಕೈ ನೋಡಿದಾಗ ತಿಳಿಯಿತು. ಎರಡೂ ಕೈ ನಡುಗುತ್ತಿದ್ದವು. ಅಂಗೈ ಮಡಿಲಲ್ಲಿಟ್ಟರೂ ಬೆರಳು ಸುಮ್ಮನಿರುತ್ತಿರಲಿಲ್ಲ.

ಅವಳು ನಡೆದದ್ದನ್ನು ಮುಚ್ಚುಮರೆಯಿಲ್ಲದೆ ಹೇಳಿದಳು. ಮೇಸ್ತ್ರಿ ಕಣ್ಣು ಮುಚ್ಚಿ ಕೇಳಿದ.

"ಗೀಟು ಕೂಡ ಉಜ್ಜಿಬಿಟ್ರಾ?"

"ಹೂಂ."

"ಭೇಷ್. ನನ್ನ ಹೆಂಡತಿ ಇದ್ದಿದ್ರೆ ಅವಳೂ ಅದನ್ನೇ ಮಾಡ್ತಿದ್ಲು." ಅವನ ಎದೆಯೊಳಗೆ ನಗುವೋ ಕೆಮ್ಮೋ ಒಂದು ಸದ್ದಾಯಿತು. "ಬೈಸ್ಕೋಬೇಕು ಅಂತ ಬಂದಿದೀಯಾ ತಾಯಿ? ಬೈಯೋಕೂ ಉಸಿರು ಬೇಕು."

"ಇವತ್ತೇ ತಂದು ಕೊಟ್ಟುಬಿಡ್ಲಾ?"

"ಕದಡಿದ್ದನ್ನ ತಂದು ನನಗೇನು ಮಾಡೋಕೆ ಹೇಳ್ತೀಯ? ಈ ಕೈಯಲ್ಲಿ?" ಅವನು ಎರಡೂ ಕೈ ಎತ್ತಿ ತೋರಿಸಿದ. "ನೆಲಮಾಳಿಗೇಲಿ ನಾನು ಕೆಲಸಕ್ಕೆ ಸೇರಿದ ವರ್ಷದ ವೈನು ಅದು. ಸಾಲು ಜೋಡಿಸಿದ್ದೂ ನಾನೇ. ಪಕ್ಕದವೆಲ್ಲ ಒಂದೊಂದಾಗಿ ಖರ್ಚಾದ್ವು, ಇದೊಂದು ಮೂಲೇಲಿ ಉಳೀತು. ಸತ್ತಿದೆ ಅಂದ್ಕೊಂಡೇ ಅವನ ಕೈಗೆ ಕೊಟ್ಟೆ, ಕೈ ಪಳಗಲಿ ಅಂತ. ಅವನು ನೋಡಿದ್ರೆ ನನ್ನ ಮೇಲೇ ತಿರುಗಿಬಿದ್ದ. ಮೇಸ್ತ್ರಿ, ನಿಮ್ಮ ಕಣ್ಣಿಗೆ ಪೊರೆ ಬಂದಿದೆ ಅಂದ. ಅಷ್ಟು ಸೊಕ್ಕು."

ಅವಳಿಗೆ ಆ ಸೊಕ್ಕು ಗೊತ್ತಿತ್ತು. ಎಷ್ಟೋ ದಿನದ ಮೇಲೆ ಅವನನ್ನು ಯಾರೋ ಬೈಯುವುದನ್ನು ಕೇಳಿ ಹಿತವಾಯಿತು. ಸತ್ತ ಮೇಲೆ ಎಲ್ಲರೂ ಅವನನ್ನು ಹೊಗಳಿ ಹೊಗಳಿ ಗುರುತೇ ಸಿಗದ ಹಾಗೆ ಮಾಡಿಬಿಟ್ಟಿದ್ದರು.

"ನನಗೆ ಕಲಿಸಿ," ಎಂದಳು.

ಮುದುಕ ಮೂಲೆಯಲ್ಲಿದ್ದ ಖಾಲಿ ಸೀಸೆಯೊಂದನ್ನು ತೋರಿಸಿದ. ಅವಳು ಅದನ್ನು ಬಾಯಿ ಕೆಳಗೆ ಮಾಡಿ ಹಿಡಿದು, ತಳವನ್ನು ಬೆರಳುಗಳಲ್ಲಿ ಹಿಡಿದಳು.

"ಗಟ್ಟಿಯಾಗಲ್ಲ. ಬೀಗದಲ್ಲಿ ಕೀಲಿ ತಿರುಗಿಸಿದ ಹಾಗೆ. ಆದ್ರೆ ಬಾಗಿಲು ತೆಗೀಬಾರ್ದು. ಚಿಟ್ ಅಂತ ತಿರುಗಿಸಿ ಚಿಟ್ ಅಂತ ನಿಲ್ಲಿಸು. ಹಾಂ. ಆ ನಿಂತ ಪೆಟ್ಟಿಗೇ ಗಷ್ಟು ಒಂದು ಹೆಜ್ಜೆ ಜಾರೋದು. ಇವತ್ತು ಬಲಕ್ಕೆ, ನಾಳೆ ಎಡಕ್ಕೆ. ದಿನಾ ಅದೇ ಹೊತ್ತಿಗೆ. ಇಳೀಲಿಲ್ಲ ಅಂತ ಹಟಕ್ಕೆ ಬಿದ್ದು ಎರಡೆರಡು ಸಲ ತಿರುಗಿಸೋ ಹಾಗಿಲ್ಲ. ಗಾಜಿಗೆ ಅಂಟಿಕೊಂಡಿದ್ರೆ ಬೇಡ್ಕೋಬೇಕು, ಅಷ್ಟೇ."

"ಯಾರನ್ನ?"

"ಅದನ್ನೇ. ಇನ್ಯಾರನ್ನ?"

ಅಂದು ಸಂಜೆ ಮನೆಗೆ ಬಂದು, ಪ್ರಯೋಗಾಲಯದಲ್ಲಿ ಗಾಜಿನ ಮೇಲೆ ಬರೆಯುವ ಪೆನ್ಸಿಲಿನಿಂದ ಸೀಸೆಯ ತಳಕ್ಕೆ ಹೊಸ ಗೀಟೆಳೆದಳು. ಹಲಗೆಯ ತೂತಿಗೆ ಓರೆಯಾಗಿ ಸಿಗಿಸಿದಳು. ಮರುದಿನ ಕೆಲಸಕ್ಕೆ ಹೊರಡುವ ಮುಂಚೆ ಮೊದಲ ಸಲ ತಿರುಗಿಸಿದಳು. ಚಿಟ್. ಏನೂ ಆಗಲಿಲ್ಲ.

ದಿನಗಳು ಹಾಗೇ ಹೋದವು. ಬೆಳಿಗ್ಗೆ ಗೂಡಿನ ಮುಂದೆ ಮೊಣಕಾಲೂರುವುದು, ಟಾರ್ಚು ಹಿಡಿಯುವುದು, ತಿರುಗಿಸುವುದು. ಆಮೇಲೆ ಪ್ರಯೋಗಾಲಯ. ಅಲ್ಲಿ ಅವಳನ್ನು ಕಂಡರೆ ಜನ ದನಿ ತಗ್ಗಿಸುತ್ತಿದ್ದರು. ಅವಳು ಕೊಳವೆಗಳನ್ನು ಅಲುಗಾಡಿಸಿ, ಬೆಳಕಿಗೆ ಹಿಡಿದು, ಅಂಕಿ ಬರೆಯುತ್ತಿದ್ದಳು. ನದಿಯ ನೀರಿನ ಮರಳು ನೋಡನೋಡುತ್ತಲೇ ಕೂರುತ್ತದೆ. ನುಣುಪಾದ ಜೇಡಿ ಕೂರಲು ದಿನಗಟ್ಟಲೆ ಬೇಕು, ಅದು ತೂಕವೇ ಇಲ್ಲದ್ದು. ಸೀಸೆಯೊಳಗಿನದು ಅದಕ್ಕಿಂತ ನುಣುಪು. ಅವಳು ಹುಟ್ಟುವ ಮೊದಲೇ ಯಾವುದೋ ಬೇಸಿಗೆಯಲ್ಲಿ ಹಣ್ಣಾದ ದ್ರಾಕ್ಷಿ, ಯಾವುದೋ ಕತ್ತಲಲ್ಲಿ ಬದುಕಿ ಸತ್ತ ಈಸ್ಟು. ಅವಳ ಅಂಬೆಗಾಲು, ಅವಳ ಪರೀಕ್ಷೆಗಳು, ಮದುವೆ, ಎಲ್ಲವೂ ನಡೆಯುತ್ತಿದ್ದಾಗ ಇದು ಹೀಗೇ ಮಲಗಿತ್ತು, ಯಾರ ಗೊಡವೆಯೂ ಇಲ್ಲದೆ. ಅದನ್ನು ನೆನೆದರೆ ಒಮ್ಮೊಮ್ಮೆ ಬೆನ್ನಹುರಿಯಲ್ಲಿ ತಣ್ಣಗೆ ಏನೋ ಹರಿದಂತಾಗುತ್ತಿತ್ತು. ಬೇರೆ ಯಾವುದಕ್ಕೂ ಏನೂ ಆಗುತ್ತಿರಲಿಲ್ಲ.

ಅತ್ತೆ ಗೂಡಿನ ಮುಂದೆ ತುದಿಗಾಲಲ್ಲಿ ಓಡಾಡತೊಡಗಿದರು. ಬಾಗಿಲು ದಢಾರನೆ ಹಾಕುವಂತಿಲ್ಲ, ರೇಡಿಯೊ ಹಚ್ಚುವಂತಿಲ್ಲ. ಒಂದು ದಿನ ಮೇಲಿನ ಮನೆಗೇ ಹತ್ತಿಹೋಗಿ, "ಕೆಳಗೆ ಒಬ್ಬರು ಮಲಗಿದಾರೆ, ಅಲುಗಾಡೋ ಹಾಗಿಲ್ಲ. ಕುರ್ಚಿ ಎತ್ತಿ ಇಡಿ, ಎಳೀಬೇಡಿ," ಎಂದು ತಾಕೀತು ಮಾಡಿ ಬಂದರು. ಸೊಸೆ ಹಾಸಿಗೆ ಹಿಡಿದಿದ್ದಾಳೆಂದು ತಿಳಿದು ಮೇಲಿನವರು ಒಂದು ಪಾತ್ರೆ ಸೂಪು ಕಳಿಸಿಕೊಟ್ಟರು.

"ಯಾರಿಗೆ ಹುಷಾರಿಲ್ಲ ಅಂದ್ರಿ, ಅತ್ತೆ?"

"ನಾನೆಲ್ಲಿ ಹೆಸರು ಹೇಳಿದೆ? ಬಿಸಿಯಾಗಿದೆ, ಸುಮ್ನೆ ಕುಡಿ."

ಸೀಸೆಯ ಹೊಟ್ಟೆ ನಿಧಾನವಾಗಿ ತಿಳಿಯಾಗತೊಡಗಿತು. ಆದರೆ ಒಂದು ಪಕ್ಕದಲ್ಲಿ, ಹೆಬ್ಬೆರಳಗಲ, ಗಾಜಿಗೆ ಮೆತ್ತಿಕೊಂಡ ಪಟ್ಟಿಯೊಂದು ಅಲುಗಲಿಲ್ಲ. ಬಲಕ್ಕೆ ತಿರುಗಿಸಿದರೂ ಅಲ್ಲೇ, ಎಡಕ್ಕೆ ತಿರುಗಿಸಿದರೂ ಅಲ್ಲೇ. ಅತ್ತೆ ಒರೆಸುವಾಗ ಮೇಜಿನ ಮೇಲೆ ಅಡ್ಡ ಮಲಗಿಸಿದ್ದರಂತೆ. ಆಗ ಕೂತದ್ದಿರಬೇಕು. ದಿನಗಳು ವಾರವಾದವು, ಮತ್ತೊಂದು ವಾರವಾಯಿತು. ಪಟ್ಟಿ ಹಾಗೇ ಇತ್ತು.

"ಅದು ಹೋಗದಿದ್ರೆ ಹೋಗದಿರಲಿ ಬಿಡು," ಎಂದರು ಅತ್ತೆ ಒಂದು ಬೆಳಿಗ್ಗೆ, ಅವಳ ಹಿಂದೆ ನಿಂತು. "ಇಲ್ಲೇ ಇರಲಿ. ಕೊಡಲೇಬೇಕಾ?"

"ಎರವಲು ತಂದದ್ದು ಅತ್ತೆ."

"ಮುದುಕ ಕೇಳಿದ್ನಾ? ಇಲ್ವಲ್ಲ. ಸತ್ತಿದೆ ಅಂತ ಅವನೇ ಹೇಳ್ತಾನಂತೆ. ಸತ್ತದ್ದನ್ನ ಇಟ್ಕೊಂಡು ಅವನಿಗೇನಾಗ್ಬೇಕು?"

"ನಮಗೇನಾಗ್ಬೇಕು?"

ಅತ್ತೆಯ ದನಿ ಏರಿತು. "ಅವನ ಕೈ ಮುಟ್ಟಿದ್ದು ಇನ್ನೇನು ಉಳಿದಿದೆ ಈ ಮನೇಲಿ? ಎಲ್ಲ ನಾನೇ ತೊಳೆದು ಹಾಕಿಬಿಟ್ಟೆ! ದಿಂಬಿನ ಚೀಲ ತೊಳೆದೆ, ಅಂಗಿ ತೊಳೆದೆ. ಬುದ್ಧಿ ಎಲ್ಲಿಟ್ಟಿದ್ನೋ. ಇದೊಂದು ಉಳಿದಿದೆ, ಇದನ್ನೂ ಹೊತ್ತುಕೊಂಡು ಹೋಗಿ ಕೊಟ್ಟು ಬಾ!"

"ನಾವಿದೀವಲ್ಲ, ಅತ್ತೆ," ಎಂದಳು ಅವಳು. "ನಮ್ಮನ್ನೂ ಮುಟ್ಟಿದ್ದ."

ಆಡಿದ ಮಾತು ಅವಳಿಗೇ ಹೊಸದೆನಿಸಿತು. ಅತ್ತೆ ಮೂಗು ಒರೆಸಿಕೊಂಡು ಪಕ್ಕದಲ್ಲಿ ಕೂತರು. ಕೂರುವಾಗ ಮಂಡಿ ಲಟಕ್ಕೆಂದಿತು.

"ಇವತ್ತು ತಿರುಗಿಸಿ ಆಯ್ತಾ?"

"ಇಲ್ಲ."

"ನಾನು ತಿರುಗಿಸ್ಲಾ?"

ಅವಳು ಸರಿದು ಜಾಗ ಬಿಟ್ಟಳು. ಅತ್ತೆಯ ಬೆರಳುಗಳನ್ನು ಸೀಸೆಯ ತಳದ ಮೇಲೆ ಇಟ್ಟು, "ಬೀಗ ತಿರುಗಿಸಿದ ಹಾಗೆ, ಬಾಗಿಲು ತೆಗೀಬಾರ್ದು," ಎಂದಳು. ಅತ್ತೆ ಉಸಿರು ಬಿಗಿಹಿಡಿದರು. ಜೀವಮಾನವಿಡೀ ಡಬ್ಬದ ಮುಚ್ಚಳ, ಒದ್ದೆ ಬಟ್ಟೆ, ನಲ್ಲಿ ತಿರುಗಿಸಿದ ಕೈ. ಚಿಟ್.

ಪಟ್ಟಿಯ ಮೇಲಂಚು ಗಾಜಿನಿಂದ ಬಿಟ್ಟಿತು.

ಅವಳು ಟಾರ್ಚನ್ನು ಸೀಸೆಯ ಹಿಂದೆ ಹಿಡಿದಳು, ಕೈ ಅಲುಗದಂತೆ ಮೊಣಕೈಯನ್ನು ಗೋಡೆಗೆ ಒತ್ತಿಕೊಂಡಳು. ಅಂಚು ಇನ್ನಷ್ಟು ಬಿಟ್ಟಿತು. ಒಂದು ತೆಳು ಪರದೆ ತನ್ನಷ್ಟಕ್ಕೆ ತಾನೇ ಸುರುಳಿಯಾಗುತ್ತ, ಎಲ್ಲೂ ಹರಿಯದೆ, ಇಡಿಯಾಗಿ ಗಾಜಿನ ಮೇಲಿಂದ ಜಾರತೊಡಗಿತು. ಅವಸರವಿಲ್ಲ, ಸದ್ದಿಲ್ಲ. ಅದು ಸರಿದ ಜಾಗದಲ್ಲೆಲ್ಲ ಬೆಳಕು ತುಂಬುತ್ತ ಬಂತು. ಹೊಟ್ಟೆ ದಾಟಿ, ಹೆಗಲು ದಾಟಿ, ಕತ್ತಿನೊಳಗಿಳಿದು, ಬಿರಡೆಯ ಮೇಲೆ ಹೋಗಿ ಕೂತಿತು. ಸೀಸೆಯೊಳಗೆ ಈಗ ಹಸಿರು ಬೆರೆತ ಬಂಗಾರವಲ್ಲದೆ ಬೇರೇನೂ ಇರಲಿಲ್ಲ. ಆ ಕಡೆ ಕೂತಿದ್ದ ಅತ್ತೆಯ ಮುಖ, ಬಾಯಿ ತೆರೆದದ್ದು, ಕೆನ್ನೆಯ ಮೇಲಿನ ನೀರು, ಎಲ್ಲವೂ ಅದರ ಮೂಲಕ ಹಸಿರುಹಳದಿಯಾಗಿ, ಬಾಗಿ, ಸ್ಪಷ್ಟವಾಗಿ ಕಂಡಿತು. ಇಷ್ಟು ತಿಳಿಯಾದದ್ದನ್ನು ಅವಳು ಪ್ರಯೋಗಾಲಯದಲ್ಲೂ ನೋಡಿರಲಿಲ್ಲ.

"ಅಯ್ಯೋ," ಎಂದರು ಅತ್ತೆ ಪಿಸುಮಾತಿನಲ್ಲಿ. "ಬೆಳಗಾದ ಹಾಗಿದೆ ಕಣೇ."

ಪೂರ್ತಿ ತಲೆಕೆಳಗಾಗಿ ಕೆಲವು ದಿನ ನಿಲ್ಲಿಸಿ, ಗಷ್ಟು ಗಟ್ಟಿಯಾಗಿ ಕೂತಿತೆಂದು ಖಾತ್ರಿಯಾದ ಮೇಲೆ ಅದನ್ನು ಒಯ್ಯುವ ಮಾತು ಬಂತು. ಸುತ್ತಿಗೆ ಕಾರು ತರುತ್ತೇನೆಂದ. ರಸ್ತೆಯ ಗುಂಡಿ ನೆನೆದು ಇಬ್ಬರೂ ಬೇಡವೆಂದರು. ನಡೆದೇ ಹೋದರು. ಅವಳು ಸೀಸೆಯ ಕತ್ತನ್ನು ಎರಡೂ ಕೈಯಲ್ಲಿ ಹಿಡಿದು, ತಳ ಗದ್ದಕ್ಕೆ ತಾಗುವಂತೆ ಎದೆಗೊತ್ತಿಕೊಂಡು, ತಲೆಕೆಳಗಾಗಿಯೇ ಹೊತ್ತಿದ್ದಳು. ಬಿಸಿಲು ತಾಗದಂತೆ ಮೇಲೆ ಗಂಡನ ಸ್ವೆಟರು. ಅತ್ತೆ ಎರಡು ಮಾರು ಮುಂದೆ, ಮಡಚಿದ ಕೊಡೆ ಹಿಡಿದು ದಾರಿ ಬಿಡಿಸುತ್ತ ನಡೆದರು.

"ಸ್ವಲ್ಪ ಜಾಗ ಬಿಡಪ್ಪ. ಏ ಸೈಕಲ್ಲು, ಕಣ್ಣು ಕಾಣಲ್ವಾ? ಆ ಕಡೆ ಹೋಗು, ಆ ಕಡೆ!"

ಫುಟ್‌ಪಾತಿನ ಮೇಲೆ ಹಣ್ಣಿನ ಪೆಟ್ಟಿಗೆ ಇಳಿಸುತ್ತಿದ್ದ ಒಬ್ಬ ನಿಂತು ನೋಡಿದ. "ಮಗು ಮಲಗಿದೆಯಾ?"

"ಮಗು ಅಲ್ಲ," ಎಂದರು ಅತ್ತೆ ಗತ್ತಿನಿಂದ. "ನಿಮ್ಮಪ್ಪನ ವಯಸ್ಸಿನವರು. ಏಳಿಸಬೇಡ."

ಅವನು ಪೆಟ್ಟಿಗೆಯನ್ನು ಹಿಂದಕ್ಕೆಳೆದು ತಲೆ ಬಾಗಿಸಿ ದಾರಿ ಬಿಟ್ಟ. ಅವಳಿಗೆ ನಗು ಬಂತು. ನಕ್ಕರೆ ಸೀಸೆ ಅಲುಗುತ್ತದೆಂದು ತುಟಿ ಕಚ್ಚಿ ಹಿಡಿದಳು. ಹಿಡಿದ ನಗು ಹೊಟ್ಟೆಯಲ್ಲಿ ನೋಯುತ್ತಿತ್ತು. ನೋವು ಗೊತ್ತಾಗುತ್ತಿತ್ತು.

ಮೇಸ್ತ್ರಿ ಬಾಗಿಲು ತೆರೆದಿಟ್ಟು ಕಾಯುತ್ತಿದ್ದ. ಕಿಟಕಿಗಳಿಗೆ ಹೊದಿಕೆ ಕಟ್ಟಿ, ಕೋಣೆಯನ್ನು ಆದಷ್ಟು ತಣ್ಣಗೆ ಮಾಡಿದ್ದ. ಬಕೆಟಿನಲ್ಲಿ ಐಸಿತ್ತು. ಅವಳು ಸ್ವೆಟರು ತೆಗೆದು, ಸೀಸೆಯನ್ನು ಅವನ ಕಣ್ಣೆದುರು ಹಿಡಿದಳು. ಅತ್ತೆ ಹಿಂದಿನಿಂದ ಟಾರ್ಚು ಬಿಟ್ಟರು, ಆ ಕೆಲಸ ಈಗ ಅವರದೇ ಆಗಿತ್ತು. ಮೇಸ್ತ್ರಿ ಬಹಳ ಹೊತ್ತು ನೋಡಿದ. ತಳದಿಂದ ಕತ್ತಿಗೆ, ಕತ್ತಿನಿಂದ ತಳಕ್ಕೆ.

"ಇಷ್ಟು ತಿಳಿಯಾಗಿ ನನ್ನ ಕೈಯಲ್ಲೂ ಇಳಿದಿರಲಿಲ್ಲ," ಎಂದ. ಆಮೇಲೆ ಕೊಂಡಿಯ ಸಂದಿನ ಕಲೆಯನ್ನು ನೋಡಿದ. "ತಿಳಿಯಾದ ಮಾತ್ರಕ್ಕೆ ಬದುಕಿದೆ ಅಂತಲ್ಲ, ತಾಯಿ. ಸತ್ತ ವೈನೂ ತಿಳಿಯಾಗಿರುತ್ತೆ."

"ಹರಾಜಿಗೆ ಕೊಡೋದಾದ್ರೆ ಗಷ್ಟು ತೆಗೆಯೋದು ಬೇಡ, ಹೀಗೇ ಮುಖಪುಟಕ್ಕೆ ಹಾಕ್ತೀವಿ ಅಂತ ಅವರ ಗೆಳೆಯ ಹೇಳಿ ಕಳಿಸಿದಾರೆ. ನಿಮ್ಮಿಷ್ಟ."

"ಯಾರೋ ಕೊಂಡು, ಯಾವುದೋ ಕಪಾಟಿನಲ್ಲಿಟ್ಟು, ಬದುಕಿದೆಯೋ ಸತ್ತಿದೆಯೋ ಅಂತ ಯಾರಿಗೂ ತಿಳೀದೇ ಇರ್ಬೇಕಾ? ನನಗೂ ಅವನಿಗೂ ಜಗಳ ಹಾಗೇ ಉಳೀಬೇಕಾ?" ಮುದುಕ ತಲೆಯಾಡಿಸಿದ. "ತೆಗಿ."

"ನಾನಾ?"

"ಮತ್ತೆ, ನಾನಾ?"

ಅವನು ಹೇಳಿದ, ಅವಳು ಮಾಡಿದಳು. ಕತ್ತನ್ನು ಐಸಿನಲ್ಲಿ ಇಳಿಬಿಟ್ಟು ಕಾದದ್ದಾಯಿತು. ಎಡಗೈಯಲ್ಲಿ ಸೀಸೆ, ಬಾಯಿ ಕೆಳಗೆ. ಬಲಗೈಯಲ್ಲಿ ಇಕ್ಕಳ. ಕೆಳಗೆ ಖಾಲಿ ಬಕೆಟು. ಕೊಂಡಿ ಸಡಿಲಿಸಿ ಬಿರಡೆಯನ್ನು ಬೆರಳಲ್ಲಿ ಅದುಮಿ ಹಿಡಿಯಬೇಕು. ಆಮೇಲೆ ಸೀಸೆಯನ್ನು ನಿಧಾನವಾಗಿ ಮೇಲಕ್ಕೆತ್ತುತ್ತ ಬಂದರೆ, ತಳದಲ್ಲಿರುವ ಗಾಳಿ ಕತ್ತಿನ ಕಡೆ ಓಡಿಬರುತ್ತದೆ. ಅದು ಗಷ್ಟನ್ನು ಮುಟ್ಟುವ ಹೊತ್ತಿಗೆ ಸರಿಯಾಗಿ ಬಿಡಬೇಕು. ಮೊದಲು ಬಿಟ್ಟರೆ ವೈನೆಲ್ಲ ನೆಲಕ್ಕೆ. ತಡ ಮಾಡಿದರೆ ಗಷ್ಟು ವಾಪಸು ಒಳಕ್ಕೆ, ಇಷ್ಟು ವಾರದ ಕೆಲಸ ನೀರಿನಲ್ಲಿ ಹೋಮ.

"ಒಳಗೆ ಜೀವ ಇದ್ರೆ ಅದೇ ತಳ್ಳುತ್ತೆ," ಎಂದ ಮೇಸ್ತ್ರಿ. "ಇಲ್ಲದಿದ್ರೆ ನೀನು ಎಳೆದು ತೆಗೀಬೇಕಾಗುತ್ತೆ. ಬಿರಡೆ ಮೇಲೆ ಬೆರಳಿಟ್ಟವಳಿಗೆ ನಮಗಿಂತ ಮೊದಲು ಗೊತ್ತಾಗುತ್ತೆ."

ಕೊಂಡಿ ಸಡಿಲವಾಯಿತು. ಬೆರಳ ಕೆಳಗೆ ಬಿರಡೆ ಸುಮ್ಮನಿತ್ತು. ಅವಳು ಕಾದಳು. ಅತ್ತೆ ಟಾರ್ಚು ಹಿಡಿದಲ್ಲೇ ಕಲ್ಲಾಗಿದ್ದರು. ಸುಮ್ಮನೇ ಇತ್ತು. ಸರಿ ಹಾಗಾದರೆ, ಎಂದುಕೊಂಡಳು. ಅವನೂ ತಪ್ಪಬಹುದು, ತಪ್ಪಿದರೇನಂತೆ.

ಸೀಸೆಯನ್ನು ಮೇಲಕ್ಕೆತ್ತತೊಡಗಿದಳು. ಗಾಜಿನೊಳಗೆ ಗಾಳಿಯ ಗುಳ್ಳೆ ಕದಲಿತು, ಉದ್ದವಾಯಿತು, ಹೊಟ್ಟೆಯುದ್ದಕ್ಕೂ ಓಡುತ್ತ ಹೆಗಲಿಗೆ ಬಂತು.

ಆಗ ಬಿರಡೆ ಅವಳ ಬೆರಳನ್ನು ತಳ್ಳಿತು.

ಮೊದಲು ಮೆಲ್ಲಗೆ, ಕೇಳುವ ಹಾಗೆ. ಆಮೇಲೆ ಕೇಳುವ ಮಾತೇ ಇಲ್ಲದಂತೆ. ಇಷ್ಟು ವರ್ಷ ಕತ್ತಲಲ್ಲಿ ಕೂತಿದ್ದ ಒಂದು ಶಕ್ತಿ ಅವಳ ಅಂಗೈಯನ್ನೇ ಒದೆಯುತ್ತಿತ್ತು. ಗಾಳಿ ಗಷ್ಟನ್ನು ಮುಟ್ಟಿದ್ದು ಕಂಡಿತು. ಬಿಟ್ಟಳು.

ಡಬ್ಬೆಂದು ಬಿರಡೆ ಬಕೆಟಿನ ಪಕ್ಕಕ್ಕೆ ಬಡಿಯಿತು. ಅದರ ಹಿಂದೆಯೇ ಗಷ್ಟು ಒಂದೇ ಉಂಡೆಯಾಗಿ ಹಾರಿತು, ಅದರ ಹಿಂದೆ ನೊರೆ. "ಹೆಬ್ಬೆರಳು! ಹೆಬ್ಬೆರಳು ಮುಚ್ಚು!" ಎಂದು ಮೇಸ್ತ್ರಿ ಕೂಗಿದ. ಅವಳು ಸೀಸೆಯನ್ನು ನೆಟ್ಟಗೆ ಮಾಡಿ ಬಾಯಿಯನ್ನು ಹೆಬ್ಬೆರಳಿನಿಂದ ಮುಚ್ಚಿದಳು. ನೊರೆ ಮಣಿಕಟ್ಟಿನ ಮೇಲೆ ಹರಿದು ತೋಳಿನೊಳಗೆ ಇಳಿಯಿತು. ಕೋಣೆ ತುಂಬ ವಾಸನೆ ಹರಡಿತು. ಆಗಷ್ಟೇ ಸುಟ್ಟ ಬ್ರೆಡ್ಡು, ಒಣಗಿದ ಸೇಬು, ಜೇನುಮೇಣ, ಮಳೆಯ ಮೊದಲಿನ ಕಲ್ಲು. ಅವಳು ಹುಟ್ಟುವ ಮುಂಚಿನ ಗಾಳಿ ಅದು, ಈಗ ಅವಳ ಮೂಗಿನೊಳಗೆ.

ಅತ್ತೆ ಟಾರ್ಚು ಆರಿಸಿ ನೆಲದ ಮೇಲೆ ಕೂತುಬಿಟ್ಟರು. ಮೇಸ್ತ್ರಿ ಗೋಡೆಯ ಕಡೆ ಮುಖ ತಿರುಗಿಸಿದ್ದ.

"ಗೆದ್ದುಬಿಟ್ಟ," ಎಂದ ಕೊನೆಗೆ. "ಗೆದ್ದುಬಿಟ್ಟ, ಕಳ್ಳ ನನ್ಮಗ."

ಅವಳು ಮೇಜಿನ ಮೇಲಿದ್ದ ಗಾಜಿನ ಲೋಟಕ್ಕೆ ಸುರಿದಳು. ನೊರೆ ಎದ್ದು ಇಳಿಯಿತು. ಬಂಗಾರದ ತಳದಿಂದ ಗುಳ್ಳೆಗಳ ಒಂದೇ ಒಂದು ಎಳೆ, ನೂಲಿಗಿಂತ ಸಣ್ಣದು, ಏಳುತ್ತಲೇ ಇತ್ತು. ಮುಗಿಯುವ ಲಕ್ಷಣವೇ ಇರಲಿಲ್ಲ. ಮೇಸ್ತ್ರಿ ಕೈ ಚಾಚಿ, ತನ್ನ ಬೆರಳುಗಳನ್ನು ನೋಡಿ, ಹಿಂದಕ್ಕೆ ತೆಗೆದುಕೊಂಡ.

"ಚೆಲ್ಲುತ್ತೆ," ಎಂದ.

ಅವಳು ಅವನ ಮುಂದೆ ಕೂತು ಆ ಕೈಗಳೆರಡನ್ನೂ ಹಿಡಿದು ಲೋಟದ ಸುತ್ತ ಇಟ್ಟಳು. ಅವುಗಳ ಮೇಲೆ ತನ್ನ ಕೈಗಳನ್ನಿಟ್ಟು, ನಡುಕ ತನ್ನ ಮೊಣಕೈಗೆ ಬಂದು ನಿಲ್ಲುವವರೆಗೂ ಹಿಡಿದಳು.

"ತಗೊಳ್ಳಿ ಮೇಸ್ತ್ರಿ," ಎಂದಳು. "ನಿಮ್ಮ ಮನೆಯಿಂದ ಎರವಲು ತಂದದ್ದು."